ಒಡೆಯದೆ ಉಳಿದ ಕಾಳು

ಮೊರದಲ್ಲಿ ಹರಡಿದ ತೊಗರಿಬೇಳೆಯ ನಡುವೆ ಅಲ್ಲೊಂದು ಇಲ್ಲೊಂದು ಇಡೀ ಕಾಳು ಉಳಿದಿರುತ್ತದೆ, ನೋಡಿದ್ದೀರಾ? ಸಿಪ್ಪೆ ಕಳಚಿರುತ್ತದೆ, ಬಣ್ಣವೂ ಬೇಳೆಯದೇ ಹಳದಿ. ಆದರೆ ಎರಡು ಹೋಳುಗಳು ಬೇರೆಯಾಗದೆ, ಒಂದನ್ನೊಂದು ತಬ್ಬಿಕೊಂಡು ಗುಂಡಗೆ ಹಾಗೇ ಉಳಿದುಬಿಟ್ಟಿರುತ್ತವೆ. ಮರಾಠಿ ಗಡಿಯ ನಮ್ಮ ನಿಲಂಗಾದ ಕಡೆ ಅದನ್ನು ಗೋಟಾ ಎನ್ನುತ್ತಾರೆ. ಉದಗೀರದ ಮಿಲ್ಲಿನಿಂದ ಮಿರುಗಿಕೊಂಡು ಬರುವ ಚೀಲದ ಬೇಳೆಯಲ್ಲಿ ಗೋಟಾ ಕಾಣುವುದು ಅಪರೂಪ, ಅಲ್ಲಿ ಜರಡಿಯ ಮೇಲೆ ಜರಡಿ ಹಿಡಿದು ತೆಗೆದುಬಿಡುತ್ತಾರೆ. ಮನೆಯ ಬೀಸುಕಲ್ಲಿನಲ್ಲಿ ಒಡೆದ ಬೇಳೆಯಲ್ಲಿ ಮಾತ್ರ ಅದು ನಿಶ್ಚಿತವಾಗಿ ಇದ್ದೇ ಇರುತ್ತದೆ. ಮಾಳಿಗೆಯ ಮೇಲಿನ ಮಾಘದ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮೊರವನ್ನು ತುಸು ಓರೆಯಾಗಿಸಿ ಅಂಚಿಗೆ ಬೆರಳಿನಿಂದ ತಟ್ಟಿದರೆ, ಚಪ್ಪಟೆಯಾದ ಬೇಳೆ ಇದ್ದಲ್ಲಿಯೇ ಇರುತ್ತದೆ. ಗೋಟಾ ಒಂದೇ ಉರುಳುತ್ತ ಉರುಳುತ್ತ ನಮ್ಮ ಕೈಯ ಹತ್ತಿರ ಬಂದು ನಿಲ್ಲುತ್ತದೆ, ತನ್ನನ್ನು ತಾನೇ ಒಪ್ಪಿಸಿಕೊಳ್ಳಲು ಬಂದ ಹಾಗೆ. ಅವನ್ನೆಲ್ಲ ಆರಿಸಿ ಬಟ್ಟಲಿಗೆ ಹಾಕಿ, ಕೊನೆಗೆ ಮತ್ತೆ ಕಲ್ಲಿಗೆ ಹಾಕುವುದು ವಾಡಿಕೆ. ಎರಡನೆಯ ಸುತ್ತಿಗೆ ಒಡೆಯುತ್ತವೆ, ಹೆಚ್ಚಿನವು.

ಎರಡು ಸುಗ್ಗಿ ಕಳೆದರೂ ನಮ್ಮ ಮನೆಯಲ್ಲಿ ಗೋಟಾ ಕಂಡಿರಲಿಲ್ಲ. ಯಾಕೆಂದರೆ ಕಲ್ಲೇ ತಿರುಗಿರಲಿಲ್ಲ. ಮೇಲಿನ ಕಲ್ಲನ್ನು ಕೆಳಗಿನದರಿಂದ ಎತ್ತಿ ಗೋಡೆಗೆ ಆನಿಸಿ, ಕೆಳಗಿನದನ್ನು ಮೂಲೆಗೆ ಸರಿಸಿ, ಎರಡಕ್ಕೂ ಹಳೆಯ ಗೋಣಿ ಹೊದಿಸಿದವರು ನಮ್ಮ ಅತ್ತೆ. ಅದು ನಾನು ಲಾತೂರಿನ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದ ದಿನ. ಆಷಾಢದ ಮೋಡ ಕವಿದಿತ್ತು. ಹೊಸ್ತಿಲು ದಾಟುವಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತೊಟ್ಟಿಲು ಇಲ್ಲದ ಕೊಕ್ಕೆಯಲ್ಲ, ಆ ಗೋಣಿ.

ಮಗಳು ಒಂಬತ್ತು ದಿನ ಬದುಕಿದ್ದಳು. ಹನ್ನೆರಡನೆಯ ದಿನಕ್ಕೆ ತೊಟ್ಟಿಲಿಗೆ ಹಾಕಿ ಹೆಸರು ಕರೆಯಬೇಕಿತ್ತು. ಮೂರು ದಿನ ಸಾಲಲಿಲ್ಲ, ಹೆಸರಿಲ್ಲದೆ ಹೋದಳು. ಅವಳ ಮುಖಕ್ಕಿಂತ ನನಗೆ ಹೆಚ್ಚು ನೆನಪಿರುವುದು ಅವಳ ಮುಷ್ಟಿ. ಎಲ್ಲ ಕೂಸುಗಳೂ ಮುಷ್ಟಿ ಹಿಡಿದೇ ಇರುತ್ತವೆ, ನಿಜ. ಆದರೆ ಇವಳ ಮುಷ್ಟಿಯಲ್ಲಿ ತೋರುಬೆರಳು ಪಕ್ಕದ ಬೆರಳನ್ನು ದಾಟಿ ಅದರ ಮೇಲೆ ಮಲಗಿತ್ತು, ಕಿರುಬೆರಳೂ ತನ್ನ ನೆರೆಯ ಬೆರಳ ಮೇಲೆ. ನರ್ಸಮ್ಮ ಮೆಲ್ಲಗೆ ಬಿಡಿಸಿದರೆ ಬಿಡಿಸಿಕೊಳ್ಳುತ್ತಿತ್ತು, ಕೈ ತೆಗೆದ ಕೂಡಲೇ ಮತ್ತೆ ಹಾಗೇ ಹೆಣೆದುಕೊಳ್ಳುತ್ತಿತ್ತು. ಏನನ್ನೋ ಹಿಡಿದುಕೊಂಡು ಬಂದಿದ್ದಾಳೆ, ಕೊಡಲು ಮನಸ್ಸಿಲ್ಲ ಎಂದು ನಾನು ಮೊದಲ ದಿನ ನಕ್ಕಿದ್ದೆ. ಡಾಕ್ಟರು ನಗಲಿಲ್ಲ. ಎದೆಯ ತೂತನ್ನು ಅವರು ಆಗಲೇ ಕಂಡಿದ್ದರು. ಮುಷ್ಟಿಯನ್ನು ಬಹಳ ಹೊತ್ತು ನೋಡಿ, ಅವಳ ರಕ್ತದ ನಾಲ್ಕು ಹನಿಯನ್ನು ದೂರದ ಲ್ಯಾಬಿಗೆ ಕಳಿಸಿದರು.

ರಿಪೋರ್ಟು ಬಂದಾಗ ಅವಳಿರಲಿಲ್ಲ. ಹೆಸರಿನ ಜಾಗದಲ್ಲಿ ‘ಬೇಬಿ ಆಫ್’ ಎಂದು ಹಾಕಿ ಮುಂದೆ ನನ್ನ ಹೆಸರು ಬರೆದಿದ್ದರು. ಜಗತ್ತು ಅವಳಿಗೆ ಕೊಟ್ಟ ಹೆಸರು ಅದೊಂದೇ. ಕೆಳಗೆ ಒಂದು ಚಿತ್ರ: ಸಣ್ಣ ಸಣ್ಣ ಕಪ್ಪು ದಾರದ ತುಂಡುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿ ಜೋಡಿಯಾಗಿ ಸಾಲುಗಟ್ಟಿ ಇಟ್ಟಂತೆ, ಪ್ರತಿ ಜೋಡಿಯ ಕೆಳಗೂ ಒಂದು ಅಂಕಿ. ಹದಿನೆಂಟನೆಯ ಅಂಕಿಯ ಮೇಲೆ ಮಾತ್ರ ಎರಡಿಲ್ಲ, ಮೂರು.

ಅದನ್ನು ನೋಡಿದ ಕೂಡಲೇ ನಾನು ಉದಗೀರದ ಕಾನ್ವೆಂಟಿನ ಅಂಗಳದಲ್ಲಿ ನಿಂತಿದ್ದೆ. ಹತ್ತನೆಯ ತರಗತಿ. ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ರಜೆಗೆ ಸಾಸ್ತೂರಿನ ಮನೆಗೆ ಹೋದರೆ ಕನ್ನಡ. ಅಕ್ಷರ ಕಲಿಸಿದ್ದು ಅಜ್ಜ, ವಚನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು. ಹೀಗೆ ತುಂಡು ತುಂಡಾಗಿ ಕೂಡಿದ ನನ್ನ ವಿದ್ಯೆಯಲ್ಲಿ ಮಿಯೋಸಿಸ್, ಅಂದರೆ ಜೀವಕೋಶ ತನ್ನನ್ನು ಅರ್ಧಕ್ಕೆ ಇಳಿಸಿಕೊಳ್ಳುವ ವಿಭಜನೆ, ಎಂಬ ಪದ ಇಂಗ್ಲಿಷಿನ ಪಾಲಿಗೆ ಬಂದದ್ದು. ಜೀವಶಾಸ್ತ್ರ ಕಲಿಸುತ್ತಿದ್ದ ಸಿಸ್ಟರ್ ಕರಿಹಲಗೆ ಬಿಟ್ಟು ನಮ್ಮನ್ನು ಅಂಗಳಕ್ಕೆ ಕರೆದೊಯ್ದು, ಇಬ್ಬಿಬ್ಬರನ್ನು ಕೈ ಕೈ ಹಿಡಿಸಿ ಆರು ಜೋಡಿ ನಿಲ್ಲಿಸಿದರು. ನೀವು ವರ್ಣತಂತುಗಳು, ಎಂದರು. ಜೋಡಿಯಲ್ಲಿ ಒಬ್ಬಳು ತಾಯಿಯ ಕಡೆಯಿಂದ ಬಂದವಳು, ಒಬ್ಬಳು ತಂದೆಯ ಕಡೆಯಿಂದ. ಸೀಟಿ ಊದಿದಾಗ ಕೈ ಬಿಟ್ಟು ಒಬ್ಬಳು ಬೇವಿನ ಮರದ ಕಡೆಗೆ, ಒಬ್ಬಳು ನಲ್ಲಿಯ ಕಡೆಗೆ ಹೋಗಬೇಕು. ಸೀಟಿ ಊದಿತು. ಐದು ಜೋಡಿ ಬೇರೆಯಾದವು. ನಾನೂ ನನ್ನ ಗೆಳತಿ ನಸ್ರೀನಳೂ ಕೈ ಬಿಡಲಿಲ್ಲ. ನಕ್ಕು ನಕ್ಕು ಇಬ್ಬರೂ ಒಟ್ಟಿಗೇ ಬೇವಿನ ಕಡೆಗೆ ಓಡಿದೆವು. ಸಿಸ್ಟರ್ ಬೈಯಲಿಲ್ಲ. ಅಲ್ಲಿ ಏಳು, ಇಲ್ಲಿ ಐದು ಎಂದು ಎಣಿಸಿ, “ಕೆಲವು ಸಲ ಹೀಗೂ ಆಗುತ್ತದೆ” ಎಂದಷ್ಟೇ ಹೇಳಿ ತರಗತಿಗೆ ಕಳಿಸಿದರು. ಹೀಗಾದರೆ ಮುಂದೇನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹದಿನೈದು ವರ್ಷದ ಹುಡುಗಿಯರಿಗೆ ಅದು ಆಟ. ಈಗ ಯೋಚಿಸಿದರೆ, ಗೆಳೆಯರೇ, ಇಷ್ಟು ಅಚ್ಚುಕಟ್ಟಾದ, ಇಷ್ಟು ಕಠಿಣವಾದ ಏರ್ಪಾಡು ಲೋಕದಲ್ಲಿ ಇನ್ನೊಂದಿದೆಯೇ ಎನಿಸುತ್ತದೆ. ಮೈಯ ಒಂದೊಂದು ಜೀವಕೋಶದಲ್ಲೂ ಇಪ್ಪತ್ತಮೂರು ಜೋಡಿ, ಒಟ್ಟು ನಲವತ್ತಾರು. ಅದೇ ನಲವತ್ತಾರನ್ನು ತಾಯಿಯೂ ಪೂರ್ತಿ ಕೊಟ್ಟು ತಂದೆಯೂ ಪೂರ್ತಿ ಕೊಟ್ಟರೆ ಮಗುವಿನಲ್ಲಿ ತೊಂಬತ್ತೆರಡು, ಮೊಮ್ಮಗುವಿನಲ್ಲಿ ಅದರ ಎರಡರಷ್ಟು. ನಾಲ್ಕು ತಲೆಮಾರಿಗೆ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ. ಹಾಗಾಗಬಾರದೆಂದೇ ಅಂಡವಾಗುವ ಕೋಶ ಮೊದಲು ತನ್ನಲ್ಲಿರುವುದನ್ನೆಲ್ಲ ನಕಲು ಮಾಡಿಕೊಂಡು, ಆಮೇಲೆ ಒಂದರ ಹಿಂದೆ ಒಂದು ಎರಡು ಸಲ ಬೇರೆಯಾಗುತ್ತದೆ. ಮೊದಲ ಅಗಲಿಕೆಯಲ್ಲಿ ಜೋಡಿಗಳು ಬೇರೆ, ಎರಡನೆಯದರಲ್ಲಿ ನಕಲುಗಳು ಬೇರೆ. ಕೊನೆಗೆ ಉಳಿಯುವುದು ಜೋಡಿಯಿಲ್ಲದ ಇಪ್ಪತ್ತಮೂರು. ಆ ಮೊದಲ ಅಗಲಿಕೆಗೆ ಮುಂಚೆ ಜೋಡಿಗಳು ಹತ್ತಿರ ಬಂದು, ಮೈಗೆ ಮೈ ತಾಗಿಸಿ, ತಮ್ಮ ತಮ್ಮ ತುಣುಕುಗಳನ್ನು ಒಂದಕ್ಕೊಂದು ಕೊಟ್ಟುಕೊಳ್ಳುತ್ತವಂತೆ. ಊರಿಗೆ ಹೊರಟ ಹೆಣ್ಣಿಗೆ ಉಡಿ ತುಂಬಿ ಕಳಿಸುತ್ತೇವಲ್ಲ, ಹಾಗೆ. ಬಂದಂತೆಯೇ ಹೋಗುವುದು ಯಾವುದೂ ಇಲ್ಲ.

ಜೋಡಿಯೊಂದು ಬಿಟ್ಟುಕೊಡದೆ ಒಂದೇ ಕಡೆಗೆ ಉಳಿದರೆ ಅಂಡದಲ್ಲಿ ಇಪ್ಪತ್ತನಾಲ್ಕು; ತಂದೆಯ ಇಪ್ಪತ್ತಮೂರು ಸೇರಿದರೆ ನಲವತ್ತೇಳು. ಒಂದು ಹೆಚ್ಚು. ನಾವು ಕಡಿಮೆಯಾದದ್ದಕ್ಕೆ ಅಳುವ ಜನ; ನನ್ನ ಮಗಳು ಹೆಚ್ಚಾದದ್ದಕ್ಕೆ ಹೋದಳು. ಎದೆಯ ತೂತು, ಹೆಣೆದ ಬೆರಳು, ಒಂಬತ್ತು ದಿನ, ಎಲ್ಲವೂ ಆ ಒಂದು ಹೆಚ್ಚಿನಿಂದ. ಇದು ಹೆಚ್ಚಾಗಿ ಅಂಡದಲ್ಲೇ ಆಗುತ್ತದೆ, ಅಪರೂಪಕ್ಕೆ ತಂದೆಯ ಕಡೆಯಿಂದಲೂ. ಮೊದಲ ಅಗಲಿಕೆಯಲ್ಲೋ ಎರಡನೆಯದರಲ್ಲೋ ಈ ಕಾಗದ ಹೇಳಲಾರದು ಎಂದರು ಡಾಕ್ಟರು. ನನ್ನ ಗಂಡ ನನ್ನ ಜೊತೆ ಮರಳಿ ಬಂದು, ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ “ನಂದೂ ಇರಬಹುದು” ಎಂದರು. ಅಷ್ಟೇ. ಅವರ ಒಳ್ಳೆಯತನಕ್ಕೆ ಆ ಎರಡು ಪದ ಸಾಕು.

ಇಲ್ಲಿಯವರೆಗೆ ಬಂದವಳು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ಕಾಗದ ನನ್ನನ್ನು ಬಿಡುಗಡೆ ಮಾಡಿತ್ತು. ಅದು ಬರುವವರೆಗೆ ನಾನು ರಾತ್ರಿ ಹಗಲು ನನ್ನನ್ನೇ ಬೈದುಕೊಂಡಿದ್ದೆ: ಮೂರನೆಯ ತಿಂಗಳಲ್ಲಿ ಮದುವೆಗೆಂದು ಬಸ್ಸಿನ ಕೊನೆಯ ಸೀಟಿನಲ್ಲಿ ಕುಲುಕಿಕೊಂಡು ಮುರುಮ ಊರಿಗೆ ಹೋದದ್ದೇ ಮುಳುವಾಯಿತು ಎಂದು. ಕಾಗದ ಓದಿ, ಅದಲ್ಲ ಎಂದು ತಿಳಿದು, ಸೀರೆಗಳ ಕೆಳಗೆ ಟ್ರಂಕಿನಲ್ಲಿಟ್ಟೆ. ಅತ್ತೆಗೆ ಓದಿ ಹೇಳಲಿಲ್ಲ. ಅವರು ಕೇಳಲಿಲ್ಲ, ಕೇಳದೆ ಮಾತಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಜೊತೆಗೆ ಆ ಗೋಣಿ. ಮದುವೆಯಾಗಿ ಬಂದ ಮೊದಲ ಸುಗ್ಗಿಯಿಂದಲೂ ನಾವಿಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೇಳೆ ಒಡೆದವರು; ಈಗ ನಾನು ಮುಟ್ಟಬಾರದೆಂದು, ನನ್ನ ಕೈ ಶುಭವಲ್ಲವೆಂದು ಅವರು ಕಲ್ಲನ್ನು ಮೂಲೆಗೆ ಇಟ್ಟಿದ್ದಾರೆ ಎಂದು ನಾನು ನಂಬಿಬಿಟ್ಟೆ. ಊಟಕ್ಕೆ ಬಡಿಸುವಾಗ, ಸಂಜೆ ದೀಪ ಹಚ್ಚುವಾಗ, ಒಬ್ಬರ ಮುಖ ಒಬ್ಬರು ನೋಡದೆ ಎರಡೂವರೆ ವರ್ಷ ಬಹಳ ಮೃದುವಾಗಿ ಮಾತಾಡಿಕೊಂಡು ಇದ್ದೆವು. ಅಷ್ಟು ಮೃದುವಾಗಿ ಮಾತಾಡುವ ಮನೆಯಲ್ಲಿ ಏನೋ ಮುರಿದಿರುತ್ತದೆ.

ಈ ವರ್ಷ ಸಾಸ್ತೂರಿನಿಂದ ಅವ್ವ ಹೊಲದ ತೊಗರಿ ಕಳಿಸಿದಳು. ಕೆಂಪಗೆ, ಮೈತುಂಬಿದ ಕಾಳು. ಮಿಲ್ಲಿಗೆ ಹಾಕಲು ಮನಸ್ಸಾಗಲಿಲ್ಲ. ನೆನೆಸಿ, ಕೆಮ್ಮಣ್ಣು ಹಚ್ಚಿ, ಮಾಳಿಗೆಯ ಮೇಲೆ ಹರವಿದೆ. ಕೆಳಗೆ ಬಂದು ಮೂಲೆಯ ಗೋಣಿಗೆ ಕೈ ಹಾಕಿದೆ.

“ಮುಟ್ಟಬ್ಯಾಡ!” ಅತ್ತೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದರು. “ಅದನ್ನ ಮುಟ್ಟಬ್ಯಾಡಂತ ಎಷ್ಟ್ ಸಲ ಹೇಳಬೇಕವ್ವ ನಿನಗ?”

“ಒಮ್ಮೀನೂ ಹೇಳಿಲ್ಲರೀ, ಅತ್ತಿ.”

“ಹೇಳಲಿಲ್ಲಂದ್ರ ತಿಳೀಬಾರದೇನು? ಅಷ್ಟ್ ಇಂಗ್ಲಿಷ್ ಸಾಳಿ ಕಲತೀದಿ!”

“ನಾ ಮುಟ್ಟಿದ್ರ ಏನ್ ಆಗ್ತದ್ರೀ? ನನ್ನ ಕೈ ಅಷ್ಟ್ ಕೆಟ್ಟದೇನ್ರೀ?”

ಎರಡೂವರೆ ವರ್ಷದ ಮಾತು ಅದು, ಅಂದಿಗೆ ಬಾಯಿಂದ ಬಿತ್ತು. ಅತ್ತೆ ಗೋಣಿಯ ಪಕ್ಕದಲ್ಲೇ ಕೂತರು. ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡಿದರು.

“ನಿನ್ನ ಕೈ ಏನ್ ಮಾಡ್ಯದ ಯವ್ವಾ. ಕೆಟ್ಟದ್ದು ಇದು, ನನ್ನ ಕೈ. ನಾಕು ತಿಂಗಳ ಬಸರಿನ್ನ ಕಲ್ಲಿಗಿ ಕುಂದರಿಸಿದಾಕಿ ನಾ. ನನ್ನ ಮಗನ್ನ ಹೊತ್ತಾಗ ಒಂಬತ್ತು ತುಂಬೂ ತನಕ ಬೀಸೀನಿ, ಇಕಿಗೇನ್ ಆಗ್ತದ ಅಂತ ಸೊಕ್ಕು ನನಗ. ಕಲ್ಲು ಗಡಗಡ ಅಂದಾಗೆಲ್ಲ ಒಳಗ ಕೂಸು ಕುಲುಕಿ ಕುಲುಕಿ ಅದರ ಎದಿಗಿ ತೂತು ಬಿತ್ತು. ನಾ ಮಾಡಿದ್ದು ಅದು. ನಿನಗ ಗೊತ್ತದ, ನೀ ಶ್ಯಾಣ್ಯಾಕಿ, ಬಾಯಿ ಬಿಟ್ಟು ಅನ್ನಲಿಲ್ಲ, ಅಷ್ಟ.”

ನನಗೆ ಆ ದಿನ ನೆನಪಿತ್ತು. ನಾನಾಗಿಯೇ ಹೋಗಿ ಕೂತಿದ್ದೆ. ಒಡೆದ ಬೇಳೆಯ ವಾಸನೆ ಮೂಗಿಗೆ ಹಿತವಾಗಿ, ಇಬ್ಬರೂ ಏನನ್ನೋ ನೆನೆದು ನಕ್ಕಿದ್ದೆವು. ಆ ನಗುವನ್ನು ಈ ಹೆಂಗಸು ಎರಡೂವರೆ ವರ್ಷ ಗೋಣಿಯ ಕೆಳಗೆ ಇಟ್ಟುಕೊಂಡಿದ್ದರು, ಅವರ ಬಿಡುಗಡೆಯ ಕಾಗದವನ್ನು ನಾನು ಸೀರೆಯ ಕೆಳಗೆ ಇಟ್ಟುಕೊಂಡಿದ್ದೆ. ಓಡಿಹೋಗಿ ಟ್ರಂಕು ತೆಗೆದೆ.

“ಓದೂದಿದ್ರ ನಮ್ಮ ಮಾತಿನಾಗ ಓದು ಸೂನಬಾಯಿ, ಆ ಗಿಟಪಿಟ ಬ್ಯಾಡ,” ಎಂದರು, ಕಣ್ಣು ಒರೆಸಿಕೊಳ್ಳುತ್ತ. ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಅವರು ನನ್ನನ್ನು ಮರಾಠಿಯಲ್ಲಿ ಸೂನಬಾಯಿ, ಅಂದರೆ ಸೊಸೆಯಮ್ಮ, ಎನ್ನುವುದು. ಚಿತ್ರ ನೋಡಿ ಮುಖ ಸಿಂಡರಿಸಿದರು. “ಇವೇನ್ ಹುಳಾ ಇದ್ದಂಗ ಅವ.”

ಪದಗಳು ಸಾಲವೆಂದು ಮಾಳಿಗೆಯಿಂದ ಒಂದು ಹಿಡಿ ನೆನೆದ ತೊಗರಿ ತಂದು, ಉಗುರಿನಿಂದ ಸಿಪ್ಪೆ ಸುಲಿದು, ಹೋಳು ಬಿಡಿಸಿ ನೆಲದ ಮೇಲಿಟ್ಟೆ. ಇದು ನನ್ನ ತಾಯಿಯ ಕಡೆಯದು, ಇದು ನನ್ನ ತಂದೆಯದು, ಎರಡೂ ಕೂಡಿ ನಾನು. ಮಗಳಿಗೆ ಕೊಡುವಾಗ ಒಂದೇ ಹೋಳು ಕೊಡಬೇಕು; ಇನ್ನೊಂದು ಹೋಳು ನಿಮ್ಮ ಮಗನದು.

“ಎರಡೂ ಕೊಟ್ರ?”

“ಮನಿ ಹಿಡಸಂಗಿಲ್ಲರೀ. ಎರಡಿದ್ದಲ್ಲಿ ನಾಕು, ಅದರ ಮುಂದ ಎಂಟು.”

“ಮತ್ತ ಇಲ್ಲಿ ಮೂರು ಹ್ಯಾಂಗ ಬಂದವು?”

ನಾನು ಸಿಪ್ಪೆ ಮಾತ್ರ ಸುಲಿದ ಇಡೀ ಕಾಳೊಂದನ್ನು ಇಟ್ಟು, ಅದರ ಪಕ್ಕದಲ್ಲಿ ಒಂದು ಹೋಳನ್ನು ಇಟ್ಟೆ. ಅತ್ತೆ ಬಗ್ಗಿ ನೋಡಿದರು. ನಲವತ್ತು ವರ್ಷ ಬೇಳೆ ಆರಿಸಿದ ಕಣ್ಣು. ಅದಕ್ಕೆ ಇಂಗ್ಲಿಷು ಬೇಕಾಗಲಿಲ್ಲ.

“ಗೋಟಾ,” ಎಂದರು ಮೆಲ್ಲಗೆ.

“ಹೌದ್ರೀ. ಗೋಟಾ ಯಾಕ ಉಳೀತದ್ರೀ ಅತ್ತಿ? ಕಲ್ಲಿನ ತಪ್ಪೋ, ಕಾಳಿನ ಕಸೂರೋ?”

ಅವರು ಆ ಇಡೀ ಕಾಳನ್ನು ಬೆರಳಿನಿಂದ ಉರುಳಿಸಿ ನೋಡಿದರು. “ಯಾರದೂ ಅಲ್ಲ. ಅದ ಕಲ್ಲು, ಅದ ಕೈ, ಅದ ತೊಗರಿ. ಸಾವಿರ ಒಡೀತಾವ, ಒಂದು ಉಳೀತದ.” ಹೇಳಿ ಮುಗಿಸಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೆ ಹೊಳೆಯಿತು. ನನ್ನ ಮುಖ ನೋಡಿದರು, ಎರಡೂವರೆ ವರ್ಷದಲ್ಲಿ ಮೊದಲ ಸಲ.

ಆಮೇಲೆ, ಯಾವಾಗ ಆಯ್ತು ಇದು, ಎಂದು ಕೇಳಿದರು. ನೀವು ಕಲ್ಲಿಗೆ ಕೂರಿಸುವುದಕ್ಕೂ ಮುಂಚೆ, ಅವಳು ಹೊಟ್ಟೆಯಲ್ಲಿ ನಿಲ್ಲುವುದಕ್ಕೂ ಮುಂಚೆಯೇ ಆಗಿರಬಹುದು ಎಂದೆ. ಹೇಳುವ ಹುರುಪಿನಲ್ಲಿ ಮುಂದಿನದನ್ನೂ ಹೇಳಿಬಿಟ್ಟೆ: ಹೆಣ್ಣಿನ ಅಂಡಗಳು ಆಗಾಗ ಹುಟ್ಟುವುದಲ್ಲ, ಅವಳು ಇನ್ನೂ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ರೂಪುಗೊಂಡು, ಬೇರೆಯಾಗಲು ಶುರುಮಾಡಿ, ಜೋಡಿ ಜೋಡಿಯಾಗಿ ಕೈ ಹಿಡಿದುಕೊಂಡು, ಹಾಗೆಯೇ ನಿಂತುಬಿಡುತ್ತವೆ, ಹದಿನೈದು ವರ್ಷವೋ ಮೂವತ್ತು ವರ್ಷವೋ ತಮ್ಮ ಸರದಿ ಬರುವವರೆಗೂ ಅದೇ ಭಂಗಿಯಲ್ಲಿ ಕಾಯುತ್ತವೆ.

ಅತ್ತೆಯ ಕಣ್ಣು ದೊಡ್ಡದಾಯಿತು. “ಅಂದ್ರ ಬೀಗತಿ ಹೊಟ್ಟ್ಯಾಗ? ಆಕಿ ನಿನ್ನ ಹೊತ್ತಿದ್ದು ಭೂಕಂಪದಾಗ ಅಲ್ಲೇನು?”

ಹೌದು, ತೊಂಬತ್ತಮೂರರ ಭೂಕಂಪಕ್ಕೆ ಸಾಸ್ತೂರು ನೆಲಕ್ಕೆ ಬಿದ್ದ ಆ ಬೆಳಗು ಅವ್ವ ನನ್ನನ್ನು ಹೊತ್ತು ಐದಾರು ತಿಂಗಳು. ಹೊಲದ ಗುಡಿಸಲಿನಲ್ಲಿ ಇದ್ದುದರಿಂದ ಉಳಿದಳು. ಕಲ್ಲಿನ ಮನೆಯಲ್ಲಿದ್ದ ಅವಳ ಅತ್ತೆ ಉಳಿಯಲಿಲ್ಲ. ಆ ಚಳಿಗಾಲವನ್ನೆಲ್ಲ ತಗಡಿನ ಶೆಡ್ಡಿನಲ್ಲಿ ಕಳೆದು, ಅಲ್ಲೇ ನನ್ನನ್ನು ಹೆತ್ತಳು. ಒಬ್ಬರ ಹೆಗಲಿನ ಭಾರ ಇಳಿಸಲು ಹೋಗಿ ಇನ್ನೊಬ್ಬರ ಹೆಗಲಿಗೆ ಹೊರಿಸಿದೆನೇ ಎಂದು ಹೆದರಿದೆ.

“ಹಂಗಲ್ರೀ, ಭೂಕಂಪಕ್ಕೂ ಇದಕ್ಕೂ ಸಂಬಂಧ ಇಲ್ಲ, ಡಾಕ್ಟರ್ ಯಾರೂ ಹಂಗ ಅನ್ನಂಗಿಲ್ಲ...”

“ನಿನಗ ಗೊತ್ತದ. ಈಗ ನನಗೂ ಗೊತ್ತಾಯ್ತು. ಆಕಿಗಿ ಗೊತ್ತಾಗೂದಿಲ್ಲ.” ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. “ನಿಮ್ಮವ್ವಗ ಇದು ಹೇಳಬ್ಯಾಡ. ನನಗರ ಒಂದು ಕಲ್ಲಿತ್ತು, ಮೂಲ್ಯಾಗಿಟ್ಟು ಗೋಣಿ ಹೊಚ್ಚಿದೆ. ಆಕಿ ಆ ಭೂಕಂಪ ಎಲ್ಲಿ ಇಡ್ತಾಳವ್ವ?”

ತಾವು ಹೊತ್ತ ಭಾರದ ತೂಕ ಗೊತ್ತಿದ್ದವರು ಮಾತ್ರ ಹಾಗೆ ಹೇಳಬಲ್ಲರು. ನಾನು ತಲೆಯಾಡಿಸಿದೆ. ಅವರು ಮೊಣಕೈ ಬಿಡಲಿಲ್ಲ. ಬೇರೇನೋ ಯೋಚನೆ ಅವರೊಳಗೆ ನಡೆದಿತ್ತು.

“ಅಂದ್ರ, ಆ ಶೆಡ್ಡಿನಾಗ ನಮ್ಮ ಕೂಸೂ ಇತ್ತು?”

“ಅರ್ಧ ಇತ್ತರೀ.”

“ನಿನ್ನ ಸಂಗಟ ಸಾಳಿಗಿ ಹೋಯ್ತು? ನಿನ್ನ ಸಂಗಟ ಈ ಹೊಸ್ತಲ ದಾಟಿ ಬಂತು?”

“ಹೌದ್ರೀ.”

“ಮತ್ತ ಮಂದಿ ಒಂಬತ್ತು ದಿನದ ಕೂಸು, ಒಂಬತ್ತು ದಿನದ ಕೂಸು ಅಂತಾರಲ್ಲ,” ಎಂದರು ಅತ್ತೆ. “ಆಕಿ ನಿನ್ನ ವಾರಗಿಯಾಕಿ.”

ಒಂದೇ ವಯಸ್ಸಿನವಳು. ಹಾಗೆ ನಾನು ಎಂದೂ ಎಣಿಸಿರಲಿಲ್ಲ. ಅಂಗಳದಲ್ಲಿ ಸಿಸ್ಟರ್ ಸೀಟಿ ಊದಿದಾಗ, ನಸ್ರೀನಳ ಕೈ ಬಿಡದೆ ನಾನು ಬೇವಿನ ಕಡೆಗೆ ಓಡಿದಾಗ, ನನ್ನೊಳಗೆ ಅವಳೂ ಓಡಿದ್ದಳು, ತನ್ನ ಸರದಿಗಾಗಿ ಕಾಯುತ್ತ. ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದು, ಒಂಬತ್ತು ದಿನ ಮುಖ ತೋರಿಸಿ ಹೋದಳು. ಇದು ಸಮಾಧಾನವಲ್ಲ; ಸಮಾಧಾನ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳನ್ನು ಕಳೆದುಕೊಂಡದ್ದು ಹಿಂದಿಗಿಂತ ದೊಡ್ಡದಾಯಿತು, ಅಷ್ಟೇ. ಆದರೆ ದೊಡ್ಡ ದುಃಖದಲ್ಲಿ ಇಬ್ಬರು ಕೂತುಕೊಳ್ಳಲು ಜಾಗವಿರುತ್ತದೆ.

ನಾಲ್ಕು ದಿನದ ಬಿಸಿಲಾದ ಮೇಲೆ ಕಲ್ಲಿನ ಮೇಲೆ ಕಲ್ಲು ಕೂರಿಸಿದೆವು. ಗೂಟ ಸಡಿಲಾಗಿತ್ತು, ಚಿಂದಿ ಸುತ್ತಿ ಬಿಗಿ ಮಾಡಿದರು ಅತ್ತೆ. ಎದುರುಬದುರು ಕೂತು ಒಡೆದೆವು. ಇಬ್ಬರಿಗೂ ನಗು ಬರಲಿಲ್ಲ, ಬರಬೇಕೆಂದೂ ಇರಲಿಲ್ಲ. ನಾನು ಮೊರ ಹಿಡಿದು ಗೋಟಾ ಆರಿಸುತ್ತಿದ್ದಾಗ ಅವ್ವನ ಫೋನು ಬಂತು. ತೊಗರಿ ಹ್ಯಾಂಗ ಒಡದಾವ ಎಂದು ಕೇಳಲು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಫೋನು ಕಸಿದುಕೊಂಡರು.

“ಭಾಳ ಛಲೋ ಒಡದಾವ ನೋಡ್ರೀ ಬೀಗತೀ. ಅಲ್ಲೊಂದು ಇಲ್ಲೊಂದು ಗೋಟಾ ಉಳದಾವ. ಏ, ನಿಮ್ಮ ಹೊಲದ ಕಸೂರ ಅಲ್ಲರೀ, ಅದು ಹಂಗ ಉಳೀತದ. ಯಾರ ಕಸೂರೂ ಅಲ್ಲ.”

ಆ ಕಡೆ ಅವ್ವ ಏನೆಂದಳೋ ಕೇಳಿಸಲಿಲ್ಲ. ಅತ್ತೆ ಮಾತ್ರ ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಮೆಲ್ಲಗೆ ಹೇಳಿದರು.

ಮೊರವನ್ನು ಓರೆ ಹಿಡಿದು ತಟ್ಟಿದೆ. ಆರೋ ಏಳೋ ಗೋಟಾ ಉರುಳಿಕೊಂಡು ಅಂಚಿಗೆ ಬಂದವು. ಬಟ್ಟಲಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡೆ. ಬಿಸಿಲಿಗೆ ಬೆಚ್ಚಗಿದ್ದವು, ನುಣ್ಣಗೆ, ಯಾವ ತಪ್ಪೂ ಅರಿಯದವುಗಳಂತೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ.

“ಏನ್ ಹಿಡಕೊಂಡು ಕುಂತಿ ಸೂನಬಾಯಿ? ಹಾಕು ಇತ್ತ,” ಎಂದರು ಅತ್ತೆ, ಒಂದು ಕೈಯಿಂದ ಗೂಟ ತಿರುಗಿಸುತ್ತ. “ಕಲ್ಲು ಖಾಲಿ ತಿರಗಲಾಕತ್ತದ.”

ನೋಡಿಕೊಂಡರೆ ನನ್ನ ಮುಷ್ಟಿ ಬಿಗಿದಿತ್ತು. ಒಂದೊಂದೇ ಬೆರಳು ಬಿಡಿಸಿದೆ, ಮೊದಲು ತೋರುಬೆರಳು.